ಆಟದಿಂದ ಮಾತ್ರ ಉತ್ತರ ಕೊಡಬೇಕೇ? ಮಗಳಿಗೊಂದು ಪತ್ರ

ಚಿ. ಸಿಂಧುವಿಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಲೀಡ್ಸ್‌ನ ಚಳಿಯ ಬಗ್ಗೆ ನೀನು ಬರೆದದ್ದನ್ನು ಅಪ್ಪನಿಗೂ ಅಜ್ಜಿಗೂ ಓದಿ ಹೇಳಿದೆ. ನೀನು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಮಾತ್ರ ಫೋನಿನಲ್ಲಿ ಎರಡು ಮಾತಿನಲ್ಲಿ ಉತ್ತರ ಹೇಳಲು ಮನಸ್ಸು ಬರಲಿಲ್ಲ. ಆದ್ದರಿಂದ ಕುಳಿತು ಬರೆಯುತ್ತಿದ್ದೇನೆ. ನಿಮ್ಮ ವಿಶ್ವವಿದ್ಯಾಲಯದ ತಂಡದಲ್ಲಿ ಇಂಗ್ಲೆಂಡ್ ಮಹಿಳಾ ಫುಟ್‌ಬಾಲ್ ತಂಡದ ಜೆಸ್ ಕಾರ್ಟರ್ ಅವರ ವಿಷಯ ಚರ್ಚೆಗೆ ಬಂದಾಗ ನಿನ್ನ ಗೆಳತಿಯೊಬ್ಬಳು, ಅವರು ತಮಗಾದ ಜನಾಂಗೀಯ ನಿಂದನೆಯನ್ನೆಲ್ಲ ಹೊರಗೆ ಹೇಳಿಕೊಳ್ಳದೆ ಆಟದಿಂದಲೇ ಉತ್ತರ ಕೊಟ್ಟಿದ್ದರೆ ಹೆಚ್ಚು ಘನತೆ ಇರುತ್ತಿತ್ತು ಎಂದಳೆಂದೂ, ನಿನಗೂ ಅದು ಅರ್ಧ ಸರಿ ಎನಿಸಿತೆಂದೂ ಬರೆದಿರುವೆ. ನನಗೆ ಅದು ಅರ್ಧವೂ ಸರಿ ಎನಿಸುವುದಿಲ್ಲ. ಏಕೆಂದು ಹೇಳುತ್ತೇನೆ.

2025ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಹಿಳೆಯರ ಯೂರೊ ಕಪ್ ನಡೆದಾಗ ನಾನೂ ಅಪ್ಪನೂ ರಾತ್ರಿ ಎದ್ದಿದ್ದು ಹೆಚ್ಚಿನ ಪಂದ್ಯಗಳನ್ನು ನೋಡಿದೆವು. ಮೊದಲ ಪಂದ್ಯದಲ್ಲಿ ಫ್ರಾನ್ಸ್ ಎದುರು ಇಂಗ್ಲೆಂಡ್ ಸೋತಿತು. ಆ ದಿನ ಕಾರ್ಟರ್ ಅವರ ಆಟವೂ ಚೆನ್ನಾಗಿರಲಿಲ್ಲ, ಅದನ್ನು ಯಾರಾದರೂ ಹೇಳಿದರೆ ತಪ್ಪೇನೂ ಇಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಎರಡು ಗೋಲುಗಳ ಹಿನ್ನಡೆಯಿಂದ ಎದ್ದು ಬಂದು ಪೆನಾಲ್ಟಿಯಲ್ಲಿ ಗೆದ್ದ ಮೇಲೆ, ಜುಲೈ 20ರಂದು ಅವರು ಒಂದು ಹೇಳಿಕೆ ಹೊರಡಿಸಿ, ಪಂದ್ಯಾವಳಿ ಶುರುವಾದ ದಿನದಿಂದಲೂ ತಮಗೆ ಜನಾಂಗೀಯ ನಿಂದನೆಯ ಸಂದೇಶಗಳು ಬರುತ್ತಿವೆ, ಆಟವನ್ನು ಟೀಕಿಸುವ ಹಕ್ಕು ಪ್ರತಿಯೊಬ್ಬ ಅಭಿಮಾನಿಗೂ ಇದೆ, ಆದರೆ ರೂಪವನ್ನೋ ಜನಾಂಗವನ್ನೋ ಗುರಿ ಮಾಡುವುದನ್ನು ಒಪ್ಪಲಾರೆ ಎಂದರು. ಸಾಮಾಜಿಕ ಜಾಲತಾಣಗಳಿಂದ ದೂರವಾದರು. ಗಮನಿಸು, ಅವರ ತಂಡ ಆಗ ಸೋತಿರಲಿಲ್ಲ, ಸೆಮಿಫೈನಲ್ ತಲುಪಿತ್ತು. ಗೆದ್ದರೆ ಬಾಯಿ ಮುಚ್ಚಿಸಬಹುದು ಎನ್ನುವ ನಿನ್ನ ಗೆಳತಿಯ ಲೆಕ್ಕ ಅಲ್ಲಿಯೇ ತಪ್ಪಿತು.

ಎದುರಾಳಿ ತಂಡದ ಗ್ಯಾಲರಿಯಿಂದ ಬರುವ ಬೈಗುಳವನ್ನು ಆಟಗಾರರು ಹೇಗೋ ನಿರೀಕ್ಷಿಸಿರುತ್ತಾರೆ. ಅದೂ ಸಹ್ಯವಲ್ಲ, ಆದರೆ ಆಗ ಬೆನ್ನಿಗೆ ತನ್ನವರೆಂಬ ಒಂದು ಕಡೆ ಇರುತ್ತದೆ. ತನ್ನ ಬಣ್ಣದ ಜರ್ಸಿ ತೊಟ್ಟವರೇ ಬೈದಾಗ ನಿಲ್ಲುವುದಕ್ಕೆ ಆ ಕಡೆಯೂ ಉಳಿಯುವುದಿಲ್ಲ. 1982ರ ಏಪ್ರಿಲ್ 12ರಂದು ಲಂಡನ್ನಿನ ಚೆಲ್ಸಿ ಕ್ಲಬ್ಬಿನ ಪರ ಮೊದಲ ಬಾರಿ ಆಡಲು ಹೊರಟ ಪಾಲ್ ಕ್ಯಾನೊವಿಲ್ ಎಂಬ ಇಪ್ಪತ್ತು ವರ್ಷದ ಹುಡುಗ, ಆ ಕ್ಲಬ್ಬಿನ ಮೊದಲ ಕಪ್ಪು ಆಟಗಾರ, ಲಂಡನ್ನಿನ ಸೆಲ್‌ಹರ್ಸ್ಟ್ ಪಾರ್ಕ್ ಮೈದಾನದ ಅಂಚಿನಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ ಹಿಂದಿನಿಂದ ಹೇಸಿಗೆಯ ಮಾತುಗಳು ಕೇಳಿಬಂದವಂತೆ. ಎದುರಾಳಿ ಕ್ರಿಸ್ಟಲ್ ಪ್ಯಾಲೇಸ್ ತಂಡದ ಅಭಿಮಾನಿಗಳಿರಬೇಕೆಂದು ತಿರುಗಿ ನೋಡಿದರೆ ಅಲ್ಲಿದ್ದವರು ಚೆಲ್ಸಿಯ ನೀಲಿ ಬಣ್ಣದವರು. ಎರಡು ವರ್ಷದ ಮೇಲೆ, ಅದೇ ಮೈದಾನದಲ್ಲಿ, ಸ್ವಂತ ಅಭಿಮಾನಿಗಳು ಮತ್ತೆ ಕ್ಯಾನೊವಿಲ್ ಅವರನ್ನು ಹೀಯಾಳಿಸಿದ ದಿನ ಗೆಲುವಿನ ಗೋಲು ಹೊಡೆದವರು ಚೆಲ್ಸಿಯದೇ ಆಟಗಾರ ಪ್ಯಾಟ್ ನೆವಿನ್. ಪಂದ್ಯದ ನಂತರ ಪತ್ರಕರ್ತರು ಗೋಲಿನ ಬಗ್ಗೆ ಕೇಳಿದರೆ ಅವರು ಆಟದ ಮಾತೇ ಎತ್ತದೆ, ತನ್ನ ಜೊತೆಗಾರನನ್ನು ಹಾಗೆ ನಡೆಸಿಕೊಂಡ ಅಭಿಮಾನಿಗಳನ್ನು ಖಂಡಿಸಿದರು. ಸ್ಕಾಟ್ಲೆಂಡಿನಿಂದ ಬಂದು ಒಂದು ವರ್ಷವೂ ತುಂಬದ ಆ ಯುವಕನಿಗೆ ಹಾಗೆ ಹೇಳುವ ಅಗತ್ಯವಿರಲಿಲ್ಲ. ಸುಮ್ಮನೆ ಗೋಲಿನ ಕೀರ್ತಿ ಪಡೆದು ಮನೆಗೆ ಹೋಗಬಹುದಿತ್ತು.

ಅದೇ 1984ರ ಜೂನ್‌ನಲ್ಲಿ ಜಾನ್ ಬಾರ್ನ್ಸ್ ರಿಯೊದ ಮರಕಾನ ಮೈದಾನದಲ್ಲಿ ಬ್ರೆಜಿಲ್‌ನ ರಕ್ಷಣೆಯನ್ನು ಒಬ್ಬರ ನಂತರ ಒಬ್ಬರಂತೆ ದಾಟಿ ಹೊಡೆದ ಗೋಲನ್ನು ಅಪ್ಪ ನಿನಗೆ ತೋರಿಸಿದ್ದು ನೆನಪಿರಬೇಕು. ಇಂಗ್ಲೆಂಡ್ 2-0ಯಿಂದ ಗೆದ್ದಿತು. ಆದರೆ ಆ ಪ್ರವಾಸದಲ್ಲಿ ತಂಡದ ವಿಮಾನದಲ್ಲಿಯೇ ಇದ್ದ ನ್ಯಾಷನಲ್ ಫ್ರಂಟ್ ಎಂಬ ಬ್ರಿಟನ್ನಿನ ಜನಾಂಗೀಯವಾದಿ ಪಕ್ಷದ ಬೆಂಬಲಿಗರು, ಕಪ್ಪು ಆಟಗಾರನ ಗೋಲು ಲೆಕ್ಕಕ್ಕಿಲ್ಲ, ನಾವು ಗೆದ್ದದ್ದು 1-0ಯಿಂದ ಎಂದರಂತೆ. ಇದಕ್ಕಿಂತ ಚೆನ್ನಾಗಿ ಆಟದಿಂದ ಉತ್ತರ ಕೊಡುವುದು ಹೇಗೆ, ನೀನೇ ಹೇಳು. ಕೊಟ್ಟ ಉತ್ತರವನ್ನು ಎಣಿಸುವುದೇ ಇಲ್ಲ ಎಂದು ಕುಳಿತವರ ಮುಂದೆ ಇನ್ನೊಂದು ಗೋಲು ಹೊಡೆದರೂ ಅಷ್ಟೇ.

ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿರುವುದು 2018ರ ವಿಶ್ವಕಪ್‌ನ ಒಂದು ಪಂದ್ಯ. ಜೂನ್ 23ರಂದು ರಷ್ಯದ ಸೋಚಿಯಲ್ಲಿ ಜರ್ಮನಿಗೂ ಸ್ವೀಡನ್‌ಗೂ ಆಟ. 1-1ರಲ್ಲಿ ಮುಗಿಯಬೇಕಿದ್ದ ಪಂದ್ಯದ ಕೊನೆಯ ಗಳಿಗೆಯಲ್ಲಿ, ಸ್ವೀಡನ್ ಪರ ಬದಲಿ ಆಟಗಾರನಾಗಿ ಇಳಿದಿದ್ದ ಜಿಮ್ಮಿ ದುರ್ಮಾಜ್ ಪೆನಾಲ್ಟಿ ಪ್ರದೇಶದ ಹೊರಗೆ, ಎಡ ಬದಿಯಲ್ಲಿ ಟಿಮೊ ವರ್ನರ್ ಅವರನ್ನು ಫೌಲ್ ಮಾಡಿದರು. ಆ ಫ್ರೀ ಕಿಕ್ಕಿನಿಂದ 95ನೆಯ ನಿಮಿಷದಲ್ಲಿ ಟೋನಿ ಕ್ರೋಸ್ ಗೋಲು ಹೊಡೆದರು. ಸ್ವೀಡನ್ ಸೋತಿತು. ರಾತ್ರಿ ಕಳೆಯುವುದರೊಳಗೆ ದುರ್ಮಾಜ್ ಅವರಿಗೆ, ಸ್ವೀಡನ್ನಿನ ಒರೆಬ್ರೊದಲ್ಲಿ ಹುಟ್ಟಿದ, ಸಿರಿಯಕ್ ಕ್ರೈಸ್ತ ಮೂಲದ ಆ ಮನುಷ್ಯನಿಗೆ, ಭಯೋತ್ಪಾದಕ, ತಾಲಿಬಾನ್ ಎಂದೆಲ್ಲ ಸಾವಿರಾರು ಸಂದೇಶಗಳು ಹರಿದುಬಂದವು. (ಬೈಯುವವರಿಗೆ ಯಾವ ಧರ್ಮ, ಯಾವ ಊರು ಎಂಬ ಕನಿಷ್ಠ ವಿಚಾರಣೆಯೂ ಬೇಕಾಗಿರುವುದಿಲ್ಲ ನೋಡು.) ಮಕ್ಕಳಿಗೂ ಬೆದರಿಕೆ ಹಾಕಿದರು.

ಮರುದಿನ ಗೆಲೆಂಜಿಕ್ ಎಂಬ ಊರಿನ ಅಭ್ಯಾಸದ ಮೈದಾನದಲ್ಲಿ ದುರ್ಮಾಜ್ ಕ್ಯಾಮೆರಾಗಳ ಮುಂದೆ ನಿಂತು ಹೇಳಿಕೆ ಓದಿದರು. ಅವರ ಬೆನ್ನ ಹಿಂದೆ ಹಳದಿ ಬಣ್ಣದ ಇಡೀ ತಂಡ, ತರಬೇತಿ ಸಿಬ್ಬಂದಿ ಸಮೇತ, ಒಟ್ಟಾಗಿ ನಿಂತಿತ್ತು. ಆಟದ ಬಗ್ಗೆ ಟೀಕೆ ಕೇಳುವುದು ನನ್ನ ಕೆಲಸದ ಭಾಗ, ಅದನ್ನು ಯಾವಾಗಲೂ ಒಪ್ಪುತ್ತೇನೆ, ಆದರೆ ಅದಕ್ಕೊಂದು ಗಡಿ ಇದೆ; ನಾನು ಸ್ವೀಡನ್ನಿನವನು, ಈ ಅಂಗಿಯನ್ನು ಹೆಮ್ಮೆಯಿಂದ ತೊಡುತ್ತೇನೆ ಎಂಬುದು ಅವರ ಮಾತಿನ ಸಾರ. ಓದಿ ಮುಗಿದ ಕೂಡಲೇ ಹಿಂದೆ ನಿಂತವರೆಲ್ಲ ಒಂದೇ ದನಿಯಲ್ಲಿ ಜನಾಂಗೀಯವಾದಕ್ಕೆ ಒಂದು ಬೈಗುಳ ಕೂಗಿದರು. ಅದು ತಾಯಿ ಮಗಳಿಗೆ ಬರೆಯುವ ಮಾತಲ್ಲ, ಆದರೂ ನನಗೆ ಅದರಲ್ಲಿ ಅಸಭ್ಯತೆ ಕಾಣಲಿಲ್ಲ. ಮೂರು ದಿನ ಬಿಟ್ಟು ಅವರು ಮೆಕ್ಸಿಕೊವನ್ನು 3-0ಯಿಂದ ಸೋಲಿಸಿ ಗುಂಪಿನಲ್ಲಿ ಮೊದಲಿಗರಾದರು.

ಅದೇ ಪಂದ್ಯದಲ್ಲಿ ಜರ್ಮನಿಯ ಬದಲಿ ಆಟಗಾರರ ಸಾಲಿನಲ್ಲಿ ಕುಳಿತಿದ್ದವರು ಮೆಸುಟ್ ಓಝಿಲ್. ಗೆಲ್ಸೆನ್‌ಕಿರ್ಷನ್‌ನಲ್ಲಿ ಹುಟ್ಟಿದ, ಟರ್ಕಿ ಮೂಲದ ಕುಟುಂಬದ, 2014ರಲ್ಲಿ ವಿಶ್ವಕಪ್ ಗೆದ್ದ ತಂಡದ ಆಟಗಾರ. ಅವರು ಮೇ ತಿಂಗಳಲ್ಲಿ ಟರ್ಕಿಯ ಅಧ್ಯಕ್ಷ ಎರ್ಡೊಗಾನ್ ಜೊತೆ ಫೋಟೊ ತೆಗೆಸಿಕೊಂಡದ್ದಕ್ಕೆ ದೊಡ್ಡ ಗದ್ದಲವಾಗಿತ್ತು. ಆ ಫೋಟೊ ನನಗೂ ಹಿಡಿಸಲಿಲ್ಲ, ಅದನ್ನು ಪ್ರಶ್ನಿಸಿದವರೆಲ್ಲ ಜನಾಂಗೀಯವಾದಿಗಳೆಂದು ನಾನು ಹೇಳಲಾರೆ. ಆದರೆ ಜರ್ಮನಿ ಗುಂಪಿನಲ್ಲಿ ಕೊನೆಯ ಸ್ಥಾನ ಪಡೆದು ಹೊರಬಿದ್ದ ಮೇಲೆ ಒಂದು ತಂಡದ ಸೋಲಿನ ಹೊರೆಯನ್ನೆಲ್ಲ ಒಬ್ಬನ ಮೂಲದ ಮೇಲೆ ಹೊರಿಸುವುದು ಫೋಟೊದ ಟೀಕೆಯಲ್ಲ. ಜುಲೈ 22ರಂದು ಓಝಿಲ್, ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ ಎಂದು ಬರೆದು, 92 ಪಂದ್ಯ ಆಡಿದ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. ಅವರ ಬೆನ್ನ ಹಿಂದೆ ಯಾರೂ ಸಾಲುಗಟ್ಟಿ ನಿಲ್ಲಲಿಲ್ಲ. ಅವರ ಹೇಳಿಕೆಯಲ್ಲಿ ಸರಿಯಾದ ಮಾತಿಗಿಂತ ಅಸಂಬದ್ಧವೇ ಹೆಚ್ಚು ಎಂದವರಲ್ಲಿ, ಸೋಚಿಯಲ್ಲಿ ಆ ಫ್ರೀ ಕಿಕ್ ಹೊಡೆದ ಕ್ರೋಸ್ ಅವರೂ ಒಬ್ಬರು. ಒಂದೇ ಪಂದ್ಯದ ಎರಡು ಪಾಳಯಗಳಲ್ಲಿದ್ದ ಇಬ್ಬರೂ ಬಾಯಿ ತೆರೆದರು. ಒಬ್ಬರು ಆ ಅಂಗಿಯಲ್ಲಿ ಉಳಿದರು, ಇನ್ನೊಬ್ಬರು ಅದನ್ನು ಕಳಚಿಟ್ಟರು. ಆ ವ್ಯತ್ಯಾಸಕ್ಕೆ ಹಿಂದೆ ನಿಂತವರು ಎಷ್ಟರ ಮಟ್ಟಿಗೆ ಕಾರಣ ಎಂದು ನಾನು ಆಗಾಗ ಯೋಚಿಸುತ್ತೇನೆ.

ಫ್ರಾನ್ಸಿನ ಆಟಗಾರ ಎಂಬಾಪೆ ಅವರ ಪ್ರಕರಣವೂ ಹೆಚ್ಚುಕಡಿಮೆ ಹೀಗೆಯೇ ಮುಗಿಯುವುದರಲ್ಲಿತ್ತು. 2021ರ ಯೂರೊದಲ್ಲಿ ಸ್ವಿಟ್ಜರ್ಲೆಂಡ್ ಎದುರು ಪೆನಾಲ್ಟಿ ತಪ್ಪಿದ ಮೇಲೆ ತನ್ನ ದೇಶದವರಿಂದಲೇ ಕೇಳಿದ ಮಾತಿಗೆ ನೊಂದು ಫ್ರಾನ್ಸ್ ತಂಡ ಬಿಡಲು ಯೋಚಿಸಿದ್ದರು. ಪೆನಾಲ್ಟಿ ತಪ್ಪಿದ್ದಕ್ಕೆ ಬೇಸರಗೊಂಡಿದ್ದರು ಎಂದು ಫ್ರಾನ್ಸಿನ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರು ವಿವರಿಸಿದಾಗ, ಕಾರಣ ಜನಾಂಗೀಯ ನಿಂದನೆ, ಪೆನಾಲ್ಟಿಯಲ್ಲ, ಆದರೆ ಅಧ್ಯಕ್ಷರು ಅಂಥ ನಿಂದನೆ ನಡೆದೇ ಇಲ್ಲವೆಂದು ಭಾವಿಸಿದ್ದರು ಎಂದು ಎಂಬಾಪೆ ಬಹಿರಂಗವಾಗಿ ತಿದ್ದಬೇಕಾಯಿತು.

ಅದೇ ಪಂದ್ಯಾವಳಿಯ ಫೈನಲ್ ಅನ್ನು, ಜುಲೈ 11ರ ರಾತ್ರಿ, ನೀನೂ ನಮ್ಮ ಜೊತೆ ನೋಡಿದ್ದೆ. ಪೆನಾಲ್ಟಿಗಳಲ್ಲಿ ಇಂಗ್ಲೆಂಡಿನ ರಾಶ್‌ಫರ್ಡ್ ಒದ್ದ ಚೆಂಡು ಕಂಬಕ್ಕೆ ಬಡಿಯಿತು, ಸ್ಯಾಂಚೊ ಮತ್ತು ಸಾಕಾ ಒದ್ದದ್ದನ್ನು ಇಟಲಿಯ ಗೋಲ್‌ಕೀಪರ್ ತಡೆದರು. ಸಾಕಾ ಅವರಿಗೆ ಆಗ ಹತ್ತೊಂಬತ್ತು ವರ್ಷ. ಚೆಂಡು ಒಳಗೆ ಹೋಗಲಿಲ್ಲವೆಂದು ಕಂಡ ಆ ಕ್ಷಣದಲ್ಲೇ ತನಗೆ ಎಂಥ ದ್ವೇಷ ಕಾದಿದೆ ಎಂಬುದು ಗೊತ್ತಾಯಿತು ಎಂದು ಅವರು ಆಮೇಲೆ ಬರೆದರು. ಸೋತ ದುಃಖಕ್ಕೂ ಮೊದಲು ಈ ಲೆಕ್ಕ ಮನಸ್ಸಿಗೆ ಬರಬೇಕಾದ ಹುಡುಗನಿಗೆ ಆಟದಿಂದ ಉತ್ತರ ಕೊಡು ಎಂದರೆ, ಪೆನಾಲ್ಟಿ ತಪ್ಪಿದ ದಿನ ನಿನಗೆ ಉತ್ತರ ಕೊಡುವ ಹಕ್ಕೇ ಇಲ್ಲ ಎಂದಂತಾಗುತ್ತದೆ. ಆಟದಲ್ಲಿ ತಪ್ಪಿದ್ದಕ್ಕೆ ಕ್ಷಮೆ ಕೇಳುತ್ತೇನೆ, ನಾನು ಯಾರು, ಎಲ್ಲಿಂದ ಬಂದವನು ಎಂಬುದಕ್ಕೆ ಎಂದೂ ಕ್ಷಮೆ ಕೇಳುವುದಿಲ್ಲ ಎಂದ ರಾಶ್‌ಫರ್ಡ್ ಆ ಎರಡನ್ನೂ ಬಿಡಿಸಿಟ್ಟರು. ನಿನ್ನ ಗೆಳತಿ ಗಂಟು ಹಾಕುತ್ತಿರುವುದು ಅವೆರಡನ್ನೇ.

ಆ ಪಂದ್ಯಾವಳಿಗೆ ಮುಂಚೆ ಮಿಡಲ್ಸ್‌ಬರೋದಲ್ಲಿ ಇಂಗ್ಲೆಂಡ್ ಆಟಗಾರರು ಜನಾಂಗೀಯವಾದವನ್ನು ವಿರೋಧಿಸುವ ಸಂಕೇತವಾಗಿ ಮಂಡಿಯೂರಿದಾಗ ಅವರ ಅಭಿಮಾನಿಗಳೇ ಕೂಗಿ ಹೀಯಾಳಿಸಿದ್ದರು. ಬ್ರಿಟನ್ನಿನ ಆಗಿನ ಗೃಹ ಸಚಿವೆ ಪ್ರೀತಿ ಪಟೇಲ್ ಮಂಡಿಯೂರುವುದನ್ನು ತೋರಿಕೆಯ ರಾಜಕೀಯ ಎಂದಿದ್ದರು. ಫೈನಲ್ ನಂತರ ಅವರೇ ನಿಂದನೆಯನ್ನು ಖಂಡಿಸಿದಾಗ, ಮೊದಲು ಬೆಂಕಿಗೆ ಗಾಳಿ ಹಾಕಿ ಆಮೇಲೆ ಅಸಹ್ಯಪಟ್ಟಂತೆ ನಟಿಸಬೇಡಿ ಎಂದು ಇಂಗ್ಲೆಂಡ್ ತಂಡದ ಟೈರೋನ್ ಮಿಂಗ್ಸ್ ನೇರವಾಗಿ ಹೇಳಿದರು. ನಿಂದಿಸಿದವರೆಲ್ಲ ಎಲ್ಲೋ ಹೊರದೇಶದ, ಹೆಸರಿಲ್ಲದ ಖಾತೆಗಳವರು ಎಂಬ ಸಮಾಧಾನಕ್ಕೂ ಹೆಚ್ಚು ದಿನ ಆಯುಸ್ಸಿರಲಿಲ್ಲ. ಆ ಪಂದ್ಯಾವಳಿಯಲ್ಲಿ ಟ್ವಿಟರ್ ಶಾಶ್ವತವಾಗಿ ಮುಚ್ಚಿದ ಖಾತೆಗಳಲ್ಲಿ ಶೇ. 99ರಷ್ಟರ ಮಾಲೀಕರು ಗುರುತು ಸಿಗುವಂಥವರೇ ಆಗಿದ್ದರು, ಅಂಥ ಸಂದೇಶಗಳು ಅತಿ ಹೆಚ್ಚು ಬಂದದ್ದು ಬ್ರಿಟನ್ನಿನಿಂದಲೇ ಎಂದು ಆ ಸಂಸ್ಥೆಯೇ ತಿಳಿಸಿತು. ಮರುವರ್ಷ ಅಲ್ಲಿನ ಕಾನೂನು ಬದಲಾಗಿ, ಜಾಲತಾಣದಲ್ಲಿ ಜನಾಂಗೀಯವಾಗಿ ನಿಂದಿಸಿದವರನ್ನೂ ಕ್ರೀಡಾಂಗಣಕ್ಕೆ ಬಾರದಂತೆ ನಿಷೇಧಿಸಲು ದಾರಿಯಾಯಿತು. ಎಲ್ಲರೂ ಘನತೆಯಿಂದ ಸುಮ್ಮನಿದ್ದಿದ್ದರೆ ಇದು ಆಗುತ್ತಿತ್ತೇ?

ಬೇರೆಯವರ ದೇಶದ ಕೊಳಕನ್ನು ಮಾತ್ರ ಎತ್ತಿ ತೋರಿಸಿದೆ ಎನ್ನಬೇಡ. ಅದೇ 2021ರ ಆಗಸ್ಟ್‌ನಲ್ಲಿ, ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ನಮ್ಮ ಮಹಿಳಾ ಹಾಕಿ ತಂಡ ಅರ್ಜೆಂಟೀನಾಗೆ ಸೋತ ದಿನ, ಹರಿದ್ವಾರದ ಬಳಿಯ ರೋಶನಾಬಾದ್‌ನಲ್ಲಿ ವಂದನಾ ಕಟಾರಿಯಾ ಅವರ ಮನೆಯ ಮುಂದೆ ಮೇಲ್ಜಾತಿಯ ಕೆಲವರು ಪಟಾಕಿ ಹೊಡೆದು, ತಂಡದಲ್ಲಿ ದಲಿತರು ಹೆಚ್ಚಾದದ್ದಕ್ಕೇ ಸೋತದ್ದು ಎಂದು ಜಾತಿ ಹಿಡಿದು ಬೈದರೆಂದು ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ಅದಕ್ಕೆ ಕೆಲವೇ ದಿನ ಮುಂಚೆ ದಕ್ಷಿಣ ಆಫ್ರಿಕಾ ಎದುರು ಮೂರು ಗೋಲು ಹೊಡೆದು ತಂಡವನ್ನು ಉಳಿಸಿದ್ದವರು ಇದೇ ವಂದನಾ. ಮನೆಯ ಮಾತು ಬೀದಿಗೆ ಬರಬಾರದು ಎಂದು ಅಜ್ಜಿ ಹೇಳುತ್ತಿರುತ್ತಾರಲ್ಲ, ಬೀದಿಯೇ ಮನೆ ಬಾಗಿಲಿಗೆ ಪಟಾಕಿ ಹಿಡಿದು ಬಂದಾಗ ಆ ಗಾದೆ ಯಾರ ಕೆಲಸಕ್ಕೆ ಬರುತ್ತದೆ?

ಕಾರ್ಟರ್ ಅವರ ವಿಷಯಕ್ಕೆ ಮರಳುತ್ತೇನೆ. ಅವರು ಹೇಳಿಕೆ ಕೊಟ್ಟ ಮೇಲೆ ಇಂಗ್ಲೆಂಡ್ ಆಟಗಾರ್ತಿಯರು ಜಿನೀವಾದಲ್ಲಿ ಸೆಮಿಫೈನಲ್‌ಗೆ ಮುಂಚೆ ಮಂಡಿಯೂರದೆ ನಿಂತೇ ಇದ್ದರು. ಹಳೆಯ ಸಂಕೇತ ಸವೆದು ಹೋಗಿದೆ, ಇನ್ನು ಬೇರೇನಾದರೂ ಆಗಬೇಕು ಎಂಬುದು ಅವರ ಮಾತು. ಅಂಚಿನಲ್ಲಿ ಬದಲಿ ಆಟಗಾರ್ತಿಯರು ತೋಳಿಗೆ ತೋಳು ಸೇರಿಸಿ ನಿಂತಿದ್ದರು, ಅಂದು ಆಡುವ ಹನ್ನೊಂದರಲ್ಲಿ ಇರದ ಕಾರ್ಟರ್ ಅವರಲ್ಲಿ ಒಬ್ಬರು. ದೂರು ಪೊಲೀಸರಿಗೆ ಹೋಗಿ, ಮುಂದಿನ ತಿಂಗಳು 59 ವರ್ಷದ ಒಬ್ಬ ಗಂಡಸಿನ ಬಂಧನವಾಯಿತು. ಬಾಸೆಲ್‌ನ ಫೈನಲ್‌ನಲ್ಲಿ ಕಾರ್ಟರ್ ಮೊದಲಿನಿಂದಲೇ ಆಡಿದರು, ಇಂಗ್ಲೆಂಡ್ ಸ್ಪೇನ್ ಎದುರು ಪೆನಾಲ್ಟಿಯಲ್ಲಿ ಗೆದ್ದಿತು. ನಿನ್ನ ಗೆಳತಿ ಇದನ್ನೇ ಆಟದಿಂದ ಕೊಟ್ಟ ಉತ್ತರ ಎನ್ನಬಹುದು. ಆದರೆ ಫೈನಲ್‌ನಲ್ಲಿ ನೀನು ಆಡುತ್ತಿರುವೆ ಎಂದು ತರಬೇತುದಾರರು ತಿಳಿಸಿದಾಗ ಹೆದರಿದೆ, ಜೀವನದಲ್ಲಿ ಮೊದಲ ಬಾರಿ ಆಡಲು ಭಯವಾಯಿತು, ಏನಾದರೂ ತಪ್ಪಿದರೆ ಮತ್ತೆ ಯಾವ ನಿಂದನೆ ಬರುತ್ತದೋ ಎಂದುಕೊಂಡೆ ಎಂದು ಅವರು ಆಮೇಲೆ ಸಂದರ್ಶನದಲ್ಲಿ ಹೇಳಿದರು. ಪದಕದ ಜೊತೆಗೆ ಅದನ್ನೂ ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ನಿಮ್ಮ ತಂಡದಲ್ಲಿ ನಿನಗೇ ಅಂಥದ್ದು ಎದುರಾದರೆ ನೀನು ಮಾತಾಡಲೇಬೇಕೆಂದು ನಾನು ಅಪ್ಪಣೆ ಕೊಡುವುದಿಲ್ಲ. ಮಾತಾಡಿದ ಮೇಲೆ ಬರುವುದನ್ನು ಸಹಿಸಬೇಕಾದವಳು ನೀನು, ಇಲ್ಲಿ ಕುಳಿತ ನಾನಲ್ಲ. ಸುಮ್ಮನಿರಬೇಕೆನಿಸಿದರೆ ಅದೂ ನಿನ್ನ ಹಕ್ಕು, ಮನೆಗೆ ಮಾತ್ರ ಫೋನ್ ಮಾಡು. ಆದರೆ ನಿಮ್ಮ ನೈಜೀರಿಯಾದ ಗೋಲ್‌ಕೀಪರ್ ಹುಡುಗಿಯೋ ಇನ್ನೊಬ್ಬಳೋ ಮಾತಾಡಲು ಎದ್ದು ನಿಂತರೆ, ಘನತೆಯ ಲೆಕ್ಕ ಹಾಕುತ್ತ ಕೂರಬೇಡ, ಗೆಲೆಂಜಿಕ್‌ನಲ್ಲಿ ಆ ಸ್ವೀಡನ್ ಹುಡುಗರು ನಿಂತಿದ್ದ ಜಾಗದಲ್ಲಿ ಹೋಗಿ ನಿಲ್ಲು. ನಿನ್ನ ಗೆಳತಿಗೆ ಸೋಚಿಯ ಪಂದ್ಯದ ವಿಷಯ ಹೇಳಿ ನೋಡು. ಅವಳು ಒಪ್ಪದಿದ್ದರೆ ಅವಳ ವಾದವನ್ನೂ ಪೂರ್ತಿಯಾಗಿ ಬರೆದು ಕಳಿಸು, ಓದಿ ಉತ್ತರ ಬರೆಯುತ್ತೇನೆ.

ಇತಿ,
ನಿನ್ನ ಅಮ್ಮ