ನೆರಳು ನೋಡಲು ಜೊತೆ ನಿಂತವರಿಗೆ

ಈ ಸಲದ ಫೆಬ್ರವರಿ 28, ಅಂದರೆ ರಾಷ್ಟ್ರೀಯ ವಿಜ್ಞಾನ ದಿನ, ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಸ್ವಲ್ಪ ಜೋರಾಗಿಯೇ ನಡೆಯಿತು. ನಮ್ಮ ಬಿ.ಎಸ್ಸಿ. ಮಕ್ಕಳು ಸುತ್ತಲಿನ ಹಳ್ಳಿ ಶಾಲೆಗಳಿಗೆ ಹೋಗಿ ವಿಜ್ಞಾನ ತೋರಿಸಲು ಶುರು ಮಾಡಿ ಹತ್ತು ವರ್ಷ ತುಂಬಿತು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅವು ವೇದಿಕೆ ಮೇಲಿದ್ದ ನನ್ನಂಥ ಮೇಷ್ಟ್ರುಗಳ ಪಾಲಿಗೆ ಬಂದವು. ಯಾರಿಗೆ ಸಲ್ಲಬೇಕಿತ್ತೋ ಅವರಲ್ಲಿ ಮುಕ್ಕಾಲು ಜನ ಅವತ್ತು ಸಭೆಯಲ್ಲೇ ಇರಲಿಲ್ಲ. ಅವರಿಗಾಗಿ ಈ ಬರಹ. 'ಹೆಸರು ಗಿಸರು ಹಾಕಬೇಡಿ ಸಾರ್' ಅಂತ ಕೆಲವರು ಮೊದಲೇ ಹೇಳಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ಊರಿಗೇ ಗೊತ್ತಾಗುತ್ತದೆ ಬಿಡಿ.

ಮೊದಲ ಥ್ಯಾಂಕ್ಸ್ ಒಬ್ಬ ಪಿ.ಟಿ. ಮೇಷ್ಟ್ರಿಗೆ. ಅದಕ್ಕೆ ಸ್ವಲ್ಪ ಹಿನ್ನೆಲೆ ಹೇಳಬೇಕು.

ಮಧ್ಯಾಹ್ನದ ಸೂರ್ಯ ದಿನಾಲೂ ನೆತ್ತಿ ಮೇಲೇ ಇರುತ್ತಾನೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗೇನಿಲ್ಲ. ನಮ್ಮೂರಲ್ಲಿ ಅವನು ತಲೆಯ ನೇರಕ್ಕೆ ಬರುವುದು ವರ್ಷಕ್ಕೆ ಎರಡೇ ದಿನ. ಉತ್ತರಕ್ಕೆ ಸರಿಯುವಾಗ ಒಂದು ಸಲ, ವಾಪಸ್ ದಕ್ಷಿಣಕ್ಕೆ ಹೊರಟಾಗ ಇನ್ನೊಂದು ಸಲ. ಆ ದಿನ ನಡುಹಗಲಲ್ಲಿ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿಗೆ ಇದು ಏಪ್ರಿಲ್ 24ರ ಸುಮಾರಿಗೆ ಬರುತ್ತದೆ, ನಮಗೆ ಅದಾಗಿ ನಾಲ್ಕು ದಿನಕ್ಕೆ, ಬೀದರಿಗೆ ಮೇ ಎರಡನೇ ವಾರದಲ್ಲಿ. ಆಗ ಶಾಲೆಗಳಿಗೆ ಬೇಸಿಗೆ ರಜೆ. ನಮಗೆ ಎರಡನೇ ಸಲ ಬರುವುದು ಆಗಸ್ಟ್ 14ಕ್ಕೆ. ಸ್ವಾತಂತ್ರ್ಯ ದಿನದ ಹಿಂದಿನ ದಿನ! ಯಾವ ಶಾಲೆಗೆ ಹೋದರೂ ಪೆರೇಡ್ ಪ್ರಾಕ್ಟೀಸು, ಡ್ಯಾನ್ಸ್ ಪ್ರಾಕ್ಟೀಸು, ಮೈದಾನಕ್ಕೆ ಸುಣ್ಣದ ಗೆರೆ. ಅಂಥ ದಿನ ಹೋಗಿ 'ಬನ್ನಿ, ನೆರಳು ನೋಡೋಣ' ಅಂದರೆ ಯಾರು ತಾನೇ ಒಪ್ಪುತ್ತಾರೆ?

ಈ ಮೇಷ್ಟ್ರು ಒಪ್ಪಿದರು. 'ಧ್ವಜದ ಕಂಬ ಇದೆಯಲ್ಲ ಸಾರ್, ಬೇರೆ ಕೋಲು ಯಾಕೆ?' ಅಂದರು. ಕಂಬ ನೆಟ್ಟಗಿದೆಯೋ ಇಲ್ಲವೋ ಅಂತ ನಮಗೆ ಅನುಮಾನ. ಹಿಂದಿನ ಸಂಜೆಯೇ ಗಾರೆ ಕೆಲಸದವರ ಹತ್ತಿರ ತೂಗುಗುಂಡು ಇಸ್ಕೊಂಡು ಬಂದು, ಸ್ಟೂಲ್ ಮೇಲೆ ಹತ್ತಿ, ನಾಲ್ಕೂ ಕಡೆಯಿಂದ ದಾರ ಬಿಟ್ಟು ನೋಡಿ ಫೋನ್ ಮಾಡಿದರು. ಮಾರನೇ ದಿನ ಪೆರೇಡ್ ನಡೆಯುತ್ತಿತ್ತು. ಹನ್ನೆರಡು ಹೊಡೆದರೂ ಕಂಬದ ನೆರಳು ಹಾಗೇ ಇತ್ತು. ಮಕ್ಕಳು ನಮ್ಮ ಮುಖ ನೋಡಿದರು. ನಮ್ಮ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ, ಮುಖ್ಯವಾಗಿ ಅದಕ್ಕೇ ಅವತ್ತು ನಮಗೆ ನಿಜವಾದ ನಡುಹಗಲು 12 ಗಂಟೆ 28 ನಿಮಿಷಕ್ಕೆ. ಇದನ್ನು ನಮ್ಮ ಎರಡನೇ ವರ್ಷದ ಹುಡುಗಿಯೊಬ್ಬಳು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಹೇಳಿಕೊಟ್ಟಳು. 12.28ಕ್ಕೆ ಮೇಷ್ಟ್ರು ಸೀಟಿ ಊದಿದರು. 'ಅಟೆನ್ಷನ್! ಎಲ್ಲರೂ ಕೆಳಗೆ ನೋಡ್ರಪ್ಪಾ!' ಕಂಬದ ನೆರಳು ಕಂಬದ ಬುಡಕ್ಕೇ ಸೇರಿಹೋಗಿತ್ತು. ಸಾಲಲ್ಲಿ ನಿಂತಿದ್ದವರ ನೆರಳು ಅವರವರ ಬೂಟಿನ ಕೆಳಗೆ. ಒಬ್ಬ ಹುಡುಗ ನೆರಳು ಹೊರಗೆ ಬರುತ್ತಾ ನೋಡೋಣ ಅಂತ ಕುಪ್ಪಳಿಸಿದ. ಅವನನ್ನು ನೋಡಿ ಇಡೀ ಪೆರೇಡೇ ಕುಪ್ಪಳಿಸಿತು. ಮೇಷ್ಟ್ರೇ, ನಿಮ್ಮ ಶಿಸ್ತು ಕೆಡಿಸಿದ್ದಕ್ಕೆ ನೀವು ಒಂದು ಮಾತೂ ಆಡಲಿಲ್ಲ.

ಅದೇ ದಿನ ಬೀದರಿನಲ್ಲಿ ಟೀಚರ್ ಆಗಿರುವ ನಮ್ಮ ಹಳೇ ವಿದ್ಯಾರ್ಥಿನಿ, ಅಲ್ಲಿನ ನಡುಹಗಲಿಗೆ ಒಂದು ಮೀಟರ್ ಕೋಲು ನಿಲ್ಲಿಸಿ ಅದರ ನೆರಳಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಿದಳು. ಅಲ್ಲಿ ನೆರಳು ಆರು ಸೆಂಟಿಮೀಟರ್ ಚಿಲ್ಲರೆ. ನಮ್ಮ ಮಕ್ಕಳು ಗ್ರಾಫ್ ಹಾಳೆಯಲ್ಲಿ ಚಿತ್ರ ಬರೆದು ಕೋಲಿಗೂ ಬಿಸಿಲಿನ ಗೆರೆಗೂ ನಡುವಿನ ಕೋನ ಅಳೆದರು. 3.6 ಡಿಗ್ರಿ ಹತ್ತಿರ ಬಂತು. ನಮ್ಮಲ್ಲಿ ನೆರಳು ಸೊನ್ನೆ, ಹಾಗಾಗಿ ಭೂಮಿಯ ಕೇಂದ್ರದಿಂದ ನೋಡಿದರೆ ಉತ್ತರ ದಕ್ಷಿಣವಾಗಿ ನಮಗೂ ಬೀದರಿಗೂ ನಡುವಿನ ಕೋನವೂ ಅಷ್ಟೇ. ಪೂರ್ತಿ ವೃತ್ತದಲ್ಲಿ ಅದು ನೂರರಲ್ಲೊಂದು ಪಾಲು. ಉತ್ತರ ದಕ್ಷಿಣವಾಗಿ ಲೆಕ್ಕ ಹಾಕಿದರೆ ನಮಗೂ ಬೀದರಿಗೂ ಸುಮಾರು 400 ಕಿ.ಮೀ. ನೂರರಿಂದ ಗುಣಿಸಿ ಅಂದೆವು. ಎಂಟನೇ ಕ್ಲಾಸಿನ ಹುಡುಗಿ ಬಾಯಲ್ಲೇ ಗುಣಿಸಿ 'ನಲವತ್ತು ಸಾವಿರ' ಅಂದಳು. ಭೂಮಿಯ ಸುತ್ತಳತೆ! ಗ್ರೀಕ್ ವಿದ್ವಾಂಸ ಎರಟೋಸ್ಥನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಮಾಡಿದ ಲೆಕ್ಕವೇ ಇದು. ಬೀದರಿನ ಟೀಚರಮ್ಮನಿಗೆ ಒಂದು ದೊಡ್ಡ ನಮಸ್ಕಾರ. ಓದುವಾಗ ಲ್ಯಾಬ್ ರೆಕಾರ್ಡ್ ಒಂದು ದಿನಕ್ಕೂ ಟೈಮಿಗೆ ಕೊಟ್ಟವಳಲ್ಲ, ಫೋಟೋ ಮಾತ್ರ ಸರಿಯಾದ ನಿಮಿಷಕ್ಕೆ ಬಂತು.

ಇನ್ನು ನಮ್ಮ ಲ್ಯಾಬ್ ಅಟೆಂಡರ್ ಅಣ್ಣ. ಟೆಲಿಸ್ಕೋಪಿನ ಜೊತೆ ಬಂದ ಥರ್ಮಾಕೋಲ್ ಮೊದಲ ವರ್ಷವೇ ಪುಡಿಪುಡಿ ಆಯಿತು. ಮನೆಯಿಂದ ಕುರಿ ಉಣ್ಣೆಯ ಕಂಬಳಿ ತಂದು ಸುತ್ತಿದವರು ಅವರು. ಹಳ್ಳಿ ರಸ್ತೆಯಲ್ಲಿ ಟಾಟಾ ಏಸ್ ಎಷ್ಟೇ ಕುಣಿದರೂ ಟೆಲಿಸ್ಕೋಪಿನ ಒಳಗಿನ ಕನ್ನಡಿಗೆ ಏನೂ ಆಗಿಲ್ಲ. ನಮ್ಮ ಸೀಮೆಯ ಕಂಬಳಿ ಚಳಿಗೆ ಮಾತ್ರ ಅಂದುಕೊಂಡಿದ್ದೆ! ಆ ಟಾಟಾ ಏಸಿನ ಡ್ರೈವರ್ ಶೇಂಗಾ ಚೀಲ ಹೊತ್ತರೆ ಜಾಸ್ತಿ ದುಡಿಯುತ್ತಿದ್ದರು. ನಮ್ಮ ಹತ್ತಿರ ಡೀಸೆಲ್ಲಿನ ದುಡ್ಡು ಬಿಟ್ಟು ಏನೂ ತಗೊಳ್ಳಲಿಲ್ಲ. ಲೈನ್‌ಮನ್ ಒಬ್ಬರು ಆಕಾಶ ನೋಡುವ ರಾತ್ರಿ ಶಾಲೆ ಮುಂದಿನ ಬೀದಿದೀಪ ಆರಿಸಿಕೊಡುತ್ತಿದ್ದರು. ಇದನ್ನು ಬರೆಯಬಹುದೋ ಬಾರದೋ ಗೊತ್ತಿಲ್ಲ, ಬರೆದುಬಿಟ್ಟೆ.

2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ. ಚಂದ್ರ ಪೂರ್ತಿ ಕೆಂಪಾಗುವುದು ಹನ್ನೊಂದರ ಮೇಲೆ. ಅಷ್ಟು ಹೊತ್ತಲ್ಲಿ, ಅದೂ ಗ್ರಹಣದ ದಿನ, ಹಳ್ಳಿಯಲ್ಲಿ ಯಾರು ಬರುತ್ತಾರೆ ಅಂತ ನಮ್ಮ ಹುಡುಗರೇ ಆಡಿಕೊಂಡಿದ್ದರು. ಶಾಲೆಯ ಬಿಸಿಯೂಟದ ಅಕ್ಕ ಒಂದು ದೊಡ್ಡ ಪಾತ್ರೆ ತುಂಬ ಮಂಡಕ್ಕಿ ಕಲಸಿ ತಂದು ಮೈದಾನದ ಮಧ್ಯೆ ಇಟ್ಟರು. ಯಾರೂ ಕೈ ಹಾಕಲಿಲ್ಲ. ಅಕ್ಕ ಯಾರಿಗೂ ಬುದ್ಧಿ ಹೇಳಲಿಲ್ಲ, ಭಾಷಣ ಮಾಡಲಿಲ್ಲ. ಸುಮ್ನೆ ಕೂತು ತಾವೇ ಒಂದು ಹಿಡಿ ತಿಂದರು, ಮೇಲೆ ಒಂದು ಹಸಿಮೆಣಸಿನಕಾಯಿ ಕಚ್ಚಿದರು. ಆಮೇಲೆ ಮಕ್ಕಳು ಬಂದರು. ಅವರ ಹಿಂದೆ ಅಮ್ಮಂದಿರು. ಮೋಡ ಬಂದು ಹೋಗಿ ಮಾಡುತ್ತಿತ್ತು, ಆದರೂ ತಾಮ್ರದ ಬಣ್ಣದ ಚಂದ್ರ ಕಂಡ. ಅಷ್ಟರಲ್ಲಿ ಪಾತ್ರೆ ಖಾಲಿಯಾಗಿತ್ತು. ಅಕ್ಕಾ, ನಾನು ವರ್ಷಗಟ್ಟಲೆ ಕ್ಲಾಸಿನಲ್ಲಿ ಹೇಳಿದ್ದಕ್ಕಿಂತ ನಿಮ್ಮ ಒಂದು ಹಿಡಿ ಮಂಡಕ್ಕಿ ಜಾಸ್ತಿ ಕೆಲಸ ಮಾಡಿತು.

ಅದೇ ವರ್ಷ ಶನಿ ಗ್ರಹ ನಮಗೆ ಕೈಕೊಟ್ಟಿತು. ಸುಮಾರು ಹದಿನೈದು ವರ್ಷಕ್ಕೊಮ್ಮೆ ಅದರ ಬಳೆಗಳು ಭೂಮಿಯ ಕಡೆ ಅಂಚು ತಿರುಗಿಸುತ್ತವೆ. ಆಗ ಬಳೆ ಒಂದು ತೆಳ್ಳನೆಯ ಗೆರೆ ಅಷ್ಟೇ. 'ಬುಕ್ಕಲ್ಲಿ ಇರೋ ಥರ ಇಲ್ವಲ್ಲ ಸಾರ್' ಅಂದ ಮಕ್ಕಳೇ, ನಿಮಗೂ ಥ್ಯಾಂಕ್ಸ್. ನೋಡಿದ್ದನ್ನು ನೋಡಿದ ಹಾಗೇ ಹೇಳಿದಿರಿ.

ಇಸ್ರೋದ ಪುಷ್ಪಕ್, ಅಂದರೆ ಮತ್ತೆ ಮತ್ತೆ ಬಳಸುವ ರೆಕ್ಕೆಯ ರಾಕೆಟ್ಟಿಗಾಗಿ ಮಾಡಿದ ಪ್ರಯೋಗದ ವಾಹನ, 2024ರಲ್ಲಿ ಎರಡು ಸಲ ತಾನಾಗಿಯೇ ರನ್‌ವೇಗೆ ಬಂದು ಇಳಿದದ್ದು ನಮ್ಮ ತಾಲ್ಲೂಕಿನಲ್ಲೇ. ನಮ್ಮ ಮಕ್ಕಳು ಅದನ್ನು ನೋಡಿದ್ದು ಟಿವಿಯಲ್ಲಿ. ದೊಡ್ಡ ವಿಜ್ಞಾನ ಕಾಂಪೌಂಡಿನ ಒಳಗಿರುತ್ತದೆ, ಅದಕ್ಕೆ ಅದರದೇ ಕಾರಣಗಳಿವೆ. ಆದರೆ ಕುದಾಪುರದ ಐಐಎಸ್ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಕ್ಯಾಂಪಸ್ಸಿನಲ್ಲಿ ನಮ್ಮಂಥ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಕೈಯಲ್ಲಿ ಮಾಡಿ ಕಲಿಯುವ ರೂಢಿ ನನಗೆ ಅಂಟಿದ್ದು ಅಲ್ಲಿ. ಅಲ್ಲಿನ ಮೇಷ್ಟ್ರುಗಳಿಗೆ ಋಣಿ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಅಂತ ಮಾಡುವ ಫೈಲಿಗೂ ಒಂದು ಥ್ಯಾಂಕ್ಸ್ ಹೇಳಲೇಬೇಕು, ಅಲ್ವಾ? ಮೂರನೇ ಮಾನದಂಡದಲ್ಲಿ ವಿಸ್ತರಣಾ ಚಟುವಟಿಕೆ, ಅಂದರೆ ಕಾಲೇಜಿನ ಹೊರಗೆ ಜನರ ಮಧ್ಯೆ ಮಾಡುವ ಕೆಲಸ, ಅಂತ ಒಂದು ಭಾಗ ಇರುವುದರಿಂದಲೇ ನಮಗೆ ಓಡಾಡಲು ಸುಲಭವಾಗಿ ಅನುಮತಿ ಸಿಕ್ಕಿದ್ದು. ಬ್ಯಾನರ್ ಹಿಡಿದು ಜಾಗದ ಗುರುತು ಬೀಳುವ ಜಿಯೋಟ್ಯಾಗ್ ಫೋಟೋ ತೆಗೆಸಿಕೊಂಡು ವಾಪಸ್ ಬರುವ ಕಾರ್ಯಕ್ರಮಗಳೂ ಇದೇ ಫೈಲಿನಲ್ಲಿ ಇರುತ್ತವೆ ಅನ್ನುವುದು ಬೇರೆ ಮಾತು.

ಕೊನೆಗೆ ನಮ್ಮ ಬಿ.ಎಸ್ಸಿ. ಹುಡುಗ ಹುಡುಗಿಯರು. ಭಾನುವಾರ ಹೊಲದ ಕೆಲಸ ಬಿಟ್ಟು ಬಂದಿರಿ. ಕ್ಲಾಸಿನಲ್ಲಿ ಬಾಯಿ ಬಿಡದವರು ಐದನೇ ಕ್ಲಾಸಿನ ಮಕ್ಕಳ ಮುಂದೆ ಗಂಟೆಗಟ್ಟಲೆ ಮಾತಾಡಿದಿರಿ. ಮಗಳು ರಾತ್ರಿ ಹೊತ್ತು ಟೆಲಿಸ್ಕೋಪ್ ಹಿಡಿದು ಬೇರೆ ಊರಿಗೆ ಹೋಗಲಿ ಅಂತ ಒಪ್ಪಿದ ತಂದೆ ತಾಯಿಯರಿಗೆ ಯಾವ ಶಾಲು ಹೊದಿಸಿದರೂ ಕಡಿಮೆಯೇ.

ಮುಂದಿನ ಆಗಸ್ಟ್ 14 ಶುಕ್ರವಾರ ಬರುತ್ತದೆ. ನೆಟ್ಟಗಿರುವ ಧ್ವಜದ ಕಂಬ ಇರುವ ಶಾಲೆಗಳು ಈಗಲೇ ಹೇಳಿ, ತೂಗುಗುಂಡು ನಾವೇ ತರುತ್ತೇವೆ. ಹಾಗೇ ನಮ್ಮ ಟೆಲಿಸ್ಕೋಪಿನ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಗ್ರಹಣದ ರಾತ್ರಿಯಿಂದ ಕಾಣುತ್ತಿಲ್ಲ. ಯಾರ ಜೇಬಿನಲ್ಲಿ ಉಳಿದಿದೆಯೋ, ದಯವಿಟ್ಟು ಅಟೆಂಡರ್ ಅಣ್ಣನ ಕೈಗೆ ಕೊಡಿ. ಅವರು ಏನೂ ಕೇಳುವುದಿಲ್ಲ.