ಕೊನೆಯಿಂದ ಎರಡನೆಯವನ ಪತ್ರ

ಲೋ ಮಾರಾಯ,

ಬೆಂಗಳೂರಿನಲ್ಲಿ ಕೂತು ನನ್ನ ವ್ಯಾಯಾಮದ ಕ್ಲಾಸಿನ ಫೋಟೊಗೆ ನಗುವ ಇಮೋಜಿ ಹಾಕಿದ್ದು ನೋಡಿದೆ. ಹೌದು, ಕೈ ಮೇಲೆತ್ತಿ ನಿಂತ ಆ ನೀಲಿ ಟೀ ಶರ್ಟ್ ನಾನೇ. ಚಿಕ್ಕಮಗಳೂರಿನ ಜುಲೈ ಮಳೆಯಲ್ಲಿ ಬೆಳಗ್ಗೆ ಆರಕ್ಕೆ ಕಂಬಳಿಯಿಂದ ಹೊರಗೆ ಬರುವುದು ಎಂಥ ಕಷ್ಟ ಅಂತ ನಿನಗೆ ಗೊತ್ತು. ಮೂಡಿಗೆರೆ ಬಸ್ಸಿನ ಕೋಳಿ ವಿಷಯ ನಾನು ಇಲ್ಲಿ ಬರೆಯಬಾರದು ಅಂದರೆ ನೀನು ನಗಬಾರದು.

ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ಕ್ಲಾಸು. ಬ್ಯಾಂಕಿನವರು, ಟೀಚರ್‌ಗಳು, ತೋಟದವರು, ಪೈಪೋಟಿಗೆ ಬಿದ್ದ ಒಂದು ಅತ್ತೆ ಸೊಸೆ ಜೋಡಿ. ಕಲಿಸುವ ಹುಡುಗಿಗೆ ನನ್ನ ಮಗಳ ವಯಸ್ಸು. ಸ್ಕ್ವಾಟ್, ಅಂದರೆ ಮಂಡಿ ಮಡಿಸಿ ಕೂತು ಏಳುವುದು, ಮಾಡಿಸುವಾಗ ಮಧ್ಯೆ ಮಧ್ಯೆ ‘ತಿಂಡಿ ಏನು ಅಂಕಲ್’ ಅಂತಾಳೆ. ಅದೇ ಪರೀಕ್ಷೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆಗ ಶ್ರಮ ಹದವಾಗಿದೆ ಅಂತ ಲೆಕ್ಕ. ಹಾಡು ಬಂತೋ, ಕಳ್ಳಾಟ ಆಡುತ್ತಿದ್ದೀಯ. ಇಂಥ ಹದದ ಶ್ರಮ ವಾರಕ್ಕೆ ಕನಿಷ್ಠ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸ್ನಾಯು ನಡುವಯಸ್ಸಿನಲ್ಲಿ ಸದ್ದಿಲ್ಲದೆ ಕರಗುತ್ತದಂತೆ. ಹೊಟ್ಟೆಗೆ ಆ ಬುದ್ಧಿ ಇಲ್ಲ ನೋಡು. ನಾವೋ, ಕೆರೆ ಏರಿ ಮೇಲೆ ಒಂದು ಸುತ್ತು ನಡೆದು ಬೋಂಡಾ ತಿಂದವರು.

ನನ್ನ ಪಕ್ಕದ ಮ್ಯಾಟಿನಲ್ಲಿ ಒಬ್ಬ ರಿಟೈರ್ಡ್ ಸಾರ್ ಇದ್ದರು. ಮೊಣಕೈ, ಕಾಲ್ಬೆರಳು ಮಾತ್ರ ಊರಿ ಮೈ ಹಲಗೆ ಹಾಗೆ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ ಮಾಡುವಾಗ ಎಲ್ಲರಿಗಿಂತ ಮೊದಲು ಮಂಡಿ ಊರುತ್ತಿದ್ದರು. ನಾನು ಅದನ್ನೇ ಕಾಯುತ್ತಿದ್ದೆ. ಅವರು ಊರಿದ ಮರುಕ್ಷಣ ನಾನೂ. ಆಮೇಲೆ ಮೆಟ್ಟಿಲು ಇಳಿಯುವಾಗ ‘ನಿಧಾನಕ್ಕೆ ಆಗುತ್ತೆ ಸಾರ್’ ಅಂತ ಅವರಿಗೇ ಧೈರ್ಯ ಹೇಳುತ್ತಿದ್ದೆ, ದೊಡ್ಡ ಮನುಷ್ಯನ ಹಾಗೆ.

ಈಗ ಅವರು ಬರುತ್ತಿಲ್ಲ. ಮ್ಯಾಟ್ ಖಾಲಿ ಕಂಡಾಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ‘ಇನ್ನು ಕೊನೆಯವನು ನಾನೇ.’ ಅವರಿಗೆ ಏನಾಯ್ತು ಅನ್ನುವುದು ತಲೆಗೆ ಬಂದದ್ದು ಸಂಜೆ. ನಂಬರ್ ವಾಟ್ಸಾಪ್ ಗ್ರೂಪಿನಲ್ಲೇ ಇದೆ. ಇನ್ನೂ ಫೋನ್ ಮಾಡಿಲ್ಲ. ಯಾರು ಎತ್ತುತ್ತಾರೋ, ಏನು ಹೇಳುತ್ತಾರೋ ಅಂತ ಹೆದರಿಕೆ.

ಅದೇ ಯೋಚನೆಯಲ್ಲಿ ನೀನು ನೆನಪಾದೆ. ಸ್ಕೂಲಿನ ಓಟದಲ್ಲಿ ಯಾವಾಗಲೂ ಕೊನೆಗೆ ನೀನು, ನಿನಗಿಂತ ಒಂದು ಹೆಜ್ಜೆ ಮುಂದೆ ನಾನು. ನರಕ ಚತುರ್ದಶಿಗೆ ದೇವೀರಮ್ಮನ ಬೆಟ್ಟ ಹತ್ತುವಾಗ ನೀನು ಏದುಸಿರು ಬಿಟ್ಟು ಕೂತೆ. ‘ನಿನಗೋಸ್ಕರ ನಿಂತೆ’ ಅಂದಿದ್ದೆ. ನನ್ನ ಕಾಲೂ ನಡುಗುತ್ತಿತ್ತು ಕಣೋ. ಅದನ್ನು ಇಷ್ಟು ವರ್ಷ ಹೇಳಿರಲಿಲ್ಲ. ಪಕ್ಕದಲ್ಲಿ ನನಗಿಂತ ನಿಧಾನದವನೊಬ್ಬ ಇದ್ದರೆ ಮಾತ್ರ ನನಗೆ ನೆಮ್ಮದಿ. ಸ್ನೇಹ ಅಂತ ನಾನು ಅಂದುಕೊಂಡದ್ದರಲ್ಲಿ ಇದೆಷ್ಟು ಪಾಲು ಅಂತ ಲೆಕ್ಕ ಹಾಕಲು ಮನಸ್ಸಾಗುತ್ತಿಲ್ಲ.

ಅಯ್ಯೋ ಬಿಡು, ಕಾಫಿ ಕುಡಿಯದೆ ಬರೆಯಲು ಕೂತರೆ ಹೀಗೇ ಆಗುವುದು. ಇಲ್ಲಿ ಓದುತ್ತಿರುವ ಉಳಿದವರು ಮೇಲಿನ ಪ್ಯಾರಾ ಹಾರಿಸಿ ಮುಂದೆ ಹೋಗಿ.

ದೀಪಾವಳಿಗೆ ಬಂದಾಗ ಒಂದು ವಾರ ಜಾಸ್ತಿ ಉಳಿ. ಕ್ಲಾಸಿಗೆ ಕರೆದುಕೊಂಡು ಹೋಗುತ್ತೇನೆ. ಯಾಕೆ ಕರೆಯುತ್ತಿದ್ದೇನೆ ಅಂತ ಈಗ ನಿನಗೆ ಗೊತ್ತೇ ಇದೆ, ಬೇಜಾರು ಮಾಡ್ಕೋಬೇಡ. ಟ್ರ್ಯಾಕ್ ಪ್ಯಾಂಟ್ ಇಲ್ಲೇ ಕೊಳ್ಳೋಣ, ಸೊಂಟದ ಅಳತೆ ಕಳಿಸು. ಕಾಮೆಂಟಿನಲ್ಲಿ ಮಾತ್ರ ಹಾಕಬೇಡ. ನೀನು ಅತ್ತಿಗೆಗೆ ಹೇಳಿರುವ ಅಳತೆಯೇ ಬೇರೆ ಅಲ್ವಾ?