ಕಾಂಟ್ರಾಸ್ಟ್ ಮ್ಯಾಮೊಗ್ರಫಿಗೆ ಹೋಗಲಿರುವ ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 6 ಗಂಟೆಗೆ ನಮ್ಮ ಗುಂಪಿನ ವಿಡಿಯೊ ಕರೆಯಲ್ಲಿ ಕಾಂಟ್ರಾಸ್ಟ್ ಮ್ಯಾಮೊಗ್ರಫಿಯ (ದ್ರಾವಣ ಕೊಟ್ಟು ಮಾಡುವ ಸ್ತನದ ಎಕ್ಸ್‌ರೇ ಪರೀಕ್ಷೆ) ಕುರಿತು ಮಾತುಕತೆ ಇದ್ದು, ವೈದ್ಯರು ಈ ಪರೀಕ್ಷೆ ಬರೆದುಕೊಟ್ಟಿರುವ ಸದಸ್ಯರು ತಪ್ಪದೆ ಭಾಗವಹಿಸಬೇಕೆಂದು ಕೋರುತ್ತೇನೆ.

ಈ ವಿಧಾನದಲ್ಲಿ ಅಯೋಡಿನ್ ಇರುವ ದ್ರಾವಣವನ್ನು ತೋಳಿನ ರಕ್ತನಾಳಕ್ಕೆ ಕೊಟ್ಟು, ಸುಮಾರು 2 ನಿಮಿಷಗಳ ನಂತರ ಸ್ತನವನ್ನು ಒತ್ತಿ ಹಿಡಿದಿರುವಾಗ ಕಡಿಮೆ ಮತ್ತು ಹೆಚ್ಚು ಶಕ್ತಿಯ ಎರಡು ಎಕ್ಸ್‌ರೇ ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯುತ್ತಾರೆ. ಕ್ಯಾನ್ಸರ್ ಗಡ್ಡೆ ತನಗಾಗಿ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುವುದರಿಂದ ದ್ರಾವಣ ಅಲ್ಲಿ ಹೆಚ್ಚು ಸೇರುತ್ತದೆ. ಎರಡೂ ಚಿತ್ರಗಳನ್ನು ಸಂಯೋಜಿಸಿ ಸಾಮಾನ್ಯ ಅಂಗಾಂಶವನ್ನು ಕಳೆದಾಗ, ದಟ್ಟ ಸ್ತನದಲ್ಲಿ (ಕೊಬ್ಬಿಗಿಂತ ಗ್ರಂಥಿ, ನಾರಿನ ಅಂಗಾಂಶ ಹೆಚ್ಚಿರುವಂಥದು) ಮರೆಯಾಗಿದ್ದ ಗಡ್ಡೆಯೂ ಎದ್ದು ಕಾಣಬಹುದು. ಆದ್ದರಿಂದ ಸಾಮಾನ್ಯ ಮ್ಯಾಮೊಗ್ರಾಮ್‌ನಲ್ಲಿ ಏನೂ ಕಾಣಲಿಲ್ಲವೆಂದು ದಯವಿಟ್ಟು ಇದನ್ನು ಮುಂದೂಡಬೇಡಿ.

ಮೂತ್ರಪಿಂಡದ ಅಥವಾ ಥೈರಾಯ್ಡ್ ತೊಂದರೆ, ಇಂಥ ದ್ರಾವಣದಿಂದ ಹಿಂದೆ ಆದ ಅಲರ್ಜಿ, ಗರ್ಭಿಣಿಯಾಗಿರುವ ಸಾಧ್ಯತೆ ಇವುಗಳನ್ನು ವೈದ್ಯರಿಗೆ ಮೊದಲೇ ತಿಳಿಸಿ. ಮಧುಮೇಹದ ಔಷಧಿಯಾದ ಮೆಟ್‌ಫಾರ್ಮಿನ್ ಸೇವಿಸುವವರು ವೈದ್ಯರನ್ನು ಕೇಳಿ ಮುಂದುವರಿಯಬೇಕೇ ಹೊರತು ತಾವಾಗಿಯೇ ನಿಲ್ಲಿಸಬಾರದು. ಹಳೆಯ ಚಿತ್ರಗಳನ್ನು ಜೊತೆಗೆ ಒಯ್ಯಿರಿ. ದ್ರಾವಣ ಒಳಹೋಗುವಾಗ ಮೈ ಬೆಚ್ಚಗಾಗುವುದು ಸಹಜ, ಆದರೆ ತುರಿಕೆ ಅಥವಾ ಉಸಿರಾಟದ ತೊಂದರೆಯಾದರೆ ತಕ್ಷಣ ಹೇಳಿ.

ಭಾಗವಹಿಸುವವರು ಶುಕ್ರವಾರದೊಳಗೆ ಇಲ್ಲಿಯೇ ಉತ್ತರಿಸಿ. ವೈಯಕ್ತಿಕ ವರದಿಗಳನ್ನು ಮಾತ್ರ ಗುಂಪಿಗೆ ಹಾಕದಿರಿ.